ಜಿನೀವಾದಲ್ಲಿ ಹೇಳಬೇಕಿದ್ದ ಹೆಸರು

ದಕ್ಷಿಣ ಸುಡಾನಿನ ನಮ್ಮೂರಲ್ಲಿ ರಾಜಧಾನಿ ಜೂಬಾಗೆ ಹೋಗುವ ವಿಮಾನಕ್ಕಾಗಿ ಒಣಮೀನಿನ ಚೀಲದ ಮೇಲೆ ಕೂತಿದ್ದೆ. ಪಕ್ಕದಲ್ಲಿ, ಕಾದಾಡುತ್ತಿದ್ದ ಎರಡು ಪಂಗಡಗಳನ್ನು ಒಂದುಮಾಡುವ ಶಾಂತಿ ಸಮಿತಿಯ ಇಬ್ಬರು ಹೆಂಗಸರಿದ್ದರು: ನುವೇರ್ ಪಂಗಡದ ಹಿರಿಯಳು ನ್ಯಾಬೊತ್, ಡಿಂಕಾ ಪಂಗಡದ ಅದಾವ್. ಇವು ಅವರ ನಿಜವಾದ ಹೆಸರುಗಳಲ್ಲ. ನ್ಯಾಬೊತ್ ಜಿನೀವಾದ ಒಂದು ಸಭೆಗೆ ಹೊರಟಿದ್ದಳು, ಅದಾವ್ ಕಳಿಸಿಕೊಡಲು ಬಂದಿದ್ದಳು.

"ಯಾಕಕ್ಕ ಮುಖ ಸಪ್ಪಗಿದೆ? ಜಿನೀವಾ ನೋಡೋ ಭಾಗ್ಯ ಯಾರಿಗುಂಟು!" ಅಂದಳು ಅದಾವ್.

"ನೆರವು ಕೊಡೋ ಸಂಸ್ಥೆಯವಳು ನಿನ್ನೆ ಬಂದಿದ್ಲು ಕಣೇ. ನನ್ನ ಮಗ ಸತ್ತ ಕತೆ ವೇದಿಕೆ ಮೇಲೆ ಹೇಳ್ಬೇಕಂತೆ."

"ಹೇಳು."

"ಕೊಂದೋನ ಹೆಸರು ಹೇಳಿ, ಅವನನ್ನ ಕ್ಷಮಿಸಿದೀನಿ ಅನ್ಬೇಕಂತೆ. ಆಗ ಕೇಳೋರ ಮನಸ್ಸು ಕರಗುತ್ತಂತೆ."

ಅದಾವ್ ದನಿ ತಗ್ಗಿಸಿದಳು.

"ಅಂದ್ರೆ ನನ್ನ ತಮ್ಮನ ಹೆಸರು."

"ಅದು ನಮ್ಮಿಬ್ಬರಿಗೆ ಬಿಟ್ರೆ ಇನ್ಯಾರಿಗೆ ಗೊತ್ತು? ಅಲ್ಲಿ ಆಡಿದ ಮಾತು ಸಂಜೆಯೊಳಗೆ ಇಲ್ಲಿನ ಫೋನುಗಳಿಗೆ ಬರುತ್ತೆ. ನನ್ನ ದೊಡ್ಡ ಮಗ ಇನ್ನೂ ಬಂದೂಕು ಕೆಳಗಿಟ್ಟಿಲ್ಲ."

"ಹೆಸರು ಗೊತ್ತಿಲ್ಲ ಅಂತ ಹೇಳಿಬಿಡು."

"ಸತ್ತ ಮಗನ ವಿಷಯದಲ್ಲಿ ಸುಳ್ಳು ಹೇಳೋಕೆ ನನಗೆ ಬಾಯಿ ಬರಲ್ಲ."

"ನೀನು ಹೋಗದಿದ್ರೆ ಸಂಸ್ಥೆಯವರು ಸಮಿತಿಗೆ ಕೊಟ್ಟಿರೋ ದೋಣಿ ವಾಪಸ್ ತಗೋತಾರೆ ಅಕ್ಕ. ನದಿಯಾಚೆ ದನದ ಹಟ್ಟಿಗಳಿಗೆ ಹೋಗಿ ಬಂದೂಕು ಹಿಡಿದ ಹುಡುಗರಿಗೆ ಬುದ್ಧಿ ಹೇಳೋದು ಹೆಂಗೆ?"

"ದೋಣಿ ಬರೋಕೆ ಮುಂಚೆ ಹೆಂಗೆ ಹೋಗ್ತಿದ್ವಿ?"

"ಎದೆಮಟ್ಟದ ನೀರಲ್ಲಿ ನಡ್ಕೊಂಡು. ಆಗ ನಿನಗೆ ಇಷ್ಟು ವಯಸ್ಸಾಗಿರಲಿಲ್ಲ."

ವಿಮಾನ ಇಳಿಯಿತು. ಪಟ್ಟಿ ಹಿಡಿದವನು ನ್ಯಾಬೊತ್ ಹೆಸರನ್ನು ಎರಡು ಸಲ ಕೂಗಿದ. ಆಕೆ ಎದ್ದು ಅವನಿಗೆ ಬೆನ್ನು ಹಾಕಿದಳು.

"ನಡಿಯೇ, ಏಳು. ಬಿಸಿಲೇರೋಕೆ ಮುಂಚೆ ಮೊದಲನೇ ಹಟ್ಟಿ ಸೇರ್ಕೊಳೋಣ."

ಅದಾವ್ ಆಕೆಯ ಕೈ ಹಿಡಿದುಕೊಂಡಳು. ಇಬ್ಬರೂ ನದಿಯ ಕಡೆ ಹೋದರು.