ಕೊನೇ ಪಾಯಿಂಟು

...ಅಲ್ಲ, ನಾನು ಬೈತಾ ಇಲ್ಲ. ಕೇಳ್ತಾ ಇದೀನಿ ಅಷ್ಟೆ. ಹಿಂದಿನ ಗೆರೆ ಹತ್ರ ನಿಂತಿದ್ದವಳು ನೀನು. ಶಟಲ್ ಬಂದದ್ದು ನಿನ್ನ ತಲೆ ಮೇಲೆ. ಎತ್ತಿದ ಬ್ಯಾಟನ್ನ ಹಾಗೇ ಇಳಿಸಿಬಿಟ್ಟೆಯಲ್ಲ, ಯಾಕೆ? ಅದು ಗೆರೆ ಒಳಗೇ ಬಿತ್ತು. ಇಡೀ ಆಫೀಸು ನೋಡ್ತಾ ಇತ್ತು. ಗಂಡ-ಹೆಂಡತಿ ಜೋಡಿ ಆಟದ ಫೈನಲ್ಲು, ಒಂದೇ ಒಂದು ಪಾಯಿಂಟು... ಮಾನ ಹೋಯ್ತು ನಂದು.

ನಗ್ತೀಯ ಯಾಕೆ? ನಗೋ ವಿಷಯಾನಾ ಇದು?

ನಿನಗೇನು ತಾಯಿ, ನಿನ್ನ ಶಾಲೆ, ನಿನ್ನ ಪಾಠ. ನಾಳೆ ಆ ಲಿಫ್ಟಿನಲ್ಲಿ ನಿಲ್ಲಬೇಕಾದವನು ನಾನು. ಗೆದ್ದ ಮಹಾಶಯ ನನ್ನ ಎದುರು ಮೇಜಿನವನೇ. ಕಪ್ಪನ್ನ ಕಂಪ್ಯೂಟರ್ ಪಕ್ಕದಲ್ಲೇ ಇಟ್ಕೋತಾನೆ, ನೋಡ್ತಿರು. ಇನ್ನು ಅವನು ಸೀನಿದ್ರೂ ಎಲ್ಲರೂ ನಗ್ತಾರೆ. ನಾನು ಜೋಕ್ ಹೇಳಿದ್ರೆ ಗಡಿಯಾರ ನೋಡ್ತಾರೆ. ಎರಡನೇ ಸ್ಥಾನ ಅಂದ್ರೆ ಏನು ಅಂತ ಗೊತ್ತಾ ನಿನಗೆ? ಕೊನೇಲಿ ಬಂದವನನ್ನ ಯಾರೂ ಮಾತಾಡ್ಸಲ್ಲ, ಹಾಯಾಗಿರ್ತಾನೆ. ಎರಡನೆಯವನನ್ನ ನಿಲ್ಲಿಸಿ ನಿಲ್ಲಿಸಿ ಕೇಳ್ತಾರೆ, ‘ಅಯ್ಯೋ ಪಾಪ, ಅದ್ಹೇಗೆ ಹೋಯ್ತು?’ ಅಂತ.

ಅದಕ್ಕೇ ಬಡ್ಕೋತಾ ಇರೋದು. ಈಗ ಆಫೀಸಿನವರ ಊಟಕ್ಕೆ ಹೋದಾಗ ಮ್ಯಾನೇಜರ್ ಹೆಂಡತಿ ಕೇಳೇ ಕೇಳ್ತಾಳೆ. ‘ಹೊರಗೆ ಬೀಳುತ್ತೆ ಅಂದ್ಕೊಂಡೆ, ಹೊಡೀಲಿಲ್ಲ, ನನ್ನದೇ ತಪ್ಪು’ ಅನ್ನು. ಮುಗೀತು. ನಿನ್ನ ಗಂಟೇನು ಹೋಗುತ್ತೆ? ಹೆಂಗಸರು ಸೋತ್ರೆ ಪಾಪ ಅಂತಾರೆ, ಅದೇ ಗಂಡಸು ಸೋತ್ರೆ...

ಏನದು ಮುಖ? ಸರಿಯಮ್ಮ, ಚೆನ್ನಾಗೇ ಆಡಿದೆ, ಒಪ್ಕೊಂಡೆ. ಮುಕ್ಕಾಲು ಪಾಲು ಪಾಯಿಂಟು ನಿಂದೇ. ಆದ್ರೆ ಯಾರು ನೆನಪಿಟ್ಕೋತಾರೆ ಅದನ್ನ? ಕೊನೇದು ಯಾರಿಂದ ಹೋಯ್ತು, ಅಷ್ಟೇ ಜನಕ್ಕೆ ಬೇಕಾಗಿರೋದು.

ಆ ಓಲೆ ಆಮೇಲೆ ಹಾಕ್ಕೋ. ಈ ಕಡೆ ತಿರುಗು. ಬಾಯಿಗೆ ಬೀಗ ಹಾಕ್ಕೊಂಡು ಕೂತ್ರೆ ನಾನೇನು ಅಂದ್ಕೋಬೇಕು? ಕನ್ನಡೀಲಿ ನನ್ನನ್ನ ಹಾಗೆ ನೋಡ್ಬೇಡ, ಹೇಳಿದೀನಿ.

ಬಹುಮಾನ ಕೊಡೋವಾಗ ನಿನ್ನ ಕೈಗೆ ಮೈಕ್ ಕೊಟ್ಟಾಗ್ಲೂ ಹಿಂಗೇ ನೋಡ್ದೆ. ಆಗ್ಲೂ ಏನೂ ಹೇಳ್ಲಿಲ್ಲ ನೀನು...

ನೋಡು, ಆ ಗಲಾಟೇಲಿ, ಆ ಚಪ್ಪಾಳೇಲಿ... ನಾನು ನೆಟ್ ಹತ್ರ ಇದ್ದೆ. ತಿರುಗಿ ನೋಡೋಕೆ ಪುರುಸೊತ್ತೆಲ್ಲಿತ್ತು? ಬಾಯಿಗೆ ಬಂದದ್ದು ಕೂಗಿದೆ. ‘ಬಿಡು, ಬಿಡು, ಹೊರಗೆ’ ಅಂತ... ಜೋಡಿ ಆಟದಲ್ಲಿ ಎಲ್ಲರೂ ಕೂಗ್ತಾರೆ.

ನಿನ್ನೊಬ್ಬಳಿಗೇ ತಾನೆ ಕೇಳಿಸಿದ್ದು? ಹೇಳೇ... ಬೇರೆ ಯಾರಿಗೂ ಕೇಳಿಸಿಲ್ಲ ತಾನೆ?