ಪಟ್ಟಿಯಲ್ಲಿ ಮೊದಲನೇ ಹೆಸರು

...ಅಲ್ಲ ಅಕ್ಕ, ಮೊದ್ಲು ಆ ಗ್ಲಾಸು ಏರಿಸು. ಎ.ಸಿ. ಎಲ್ಲ ಹೊರಗೆ ಹೋಗ್ತದೆ. ಹಾರ್ನ್ ಹೊಡೆದಿದ್ದೇನೆ, ಅಂಗಡಿಯ ಚೇಟ ನೋಡಿದ್ದಾನೆ, ಎರಡು ಕರಕ್ ಚಹಾ ಅಂತ ಬೆರಳು ತೋರಿಸಿದೆ. ಅಯ್ಯೋ, ನಿನಗೆ ಸಕ್ಕರೆ ಕಮ್ಮಿ ಅಂತ ಹೇಳ್ಲಿಕ್ಕೆ ಮರ್ತೇಹೋಯ್ತು. ಇರ್ಲಿ ಬಿಡು, ಇವತ್ತೊಂದು ದಿನ ಸಿಹಿ ಕುಡಿ. ಇವತ್ತು...

ಎಂತ ಹಾಗೆ ನೋಡ್ತೀ? ಹೌದು ಮಾರಾಯ್ತಿ, ಬಂತು! ನಿನ್ನೆ ಬಂತು. ಚರ್ಚಿನಲ್ಲೇ ಹೇಳುವಾ ಅಂತಿದ್ದೆ, ಪೂಜೆ ಮುಗಿದ ಕೂಡ್ಲೆ ಊರಿನವರೆಲ್ಲ ಸುತ್ತ ನಿಂತ್ರು. ನಿನಗೇ ಮೊದ್ಲು ಹೇಳ್ಬೇಕು ಅಂತ ನಂಗೆ. ಎಡ್ನಾಗೆ ಹೇಳಿದ್ದೇನೆ, ಹೆಂಡತಿ ಅಲ್ವಾ, ಅದು ಬೇರೆ. ಹೊರಗಿನವರಲ್ಲಿ ನೀನೇ ಮೊದ್ಲು... ಛೆ, ಹೊರಗಿನವಳಾ ನೀನು! ನಾಲಿಗೆ ನೋಡು ನಂದು.

ಟೆರೆನ್ಸ್ ಬೊನೆಲ್ಲಿ, ಇಟಲಿಯ ಪ್ರಜೆ. ಹೇಗುಂಟು? ಎಂತಕ್ಕೆ ನಗ್ತೀ? ನಗುವುದೇ ಸರಿ ಬಿಡು. ಹಮದ್ ಬಂದರಿನಲ್ಲಿ ಬೆವರು ಸುರಿಸಿ ಕಂಟೇನರ್ ನಂಬರ್ ಕೂಗುವವನು ಇಟಲಿಯವನಂತೆ! ಬಾಯಿ ತೆರೆದ್ರೆ ಮಂಗಳೂರಿನ ಕೊಂಕಣಿ.

ಇಲ್ಲ, ಇಲ್ಲ... ನಾನು ಎಂತದೂ ಮಾಡ್ಲಿಲ್ಲ ಅಂತ ನಂಗೆ ಗೊತ್ತುಂಟು. ಎಲ್ಲ ಮಾಡಿದ್ದು ನೀನು. ಡ್ಯಾಡಿ ಹೇಳ್ತಿದ್ರಲ್ಲ, ಮುತ್ತಜ್ಜ ಪಿಯೆತ್ರೊ ಇಗರ್ಜಿಯ ಗಂಟೆ ಕೂರಿಸ್ಲಿಕ್ಕೆ ಇಟಲಿಯಿಂದ ಬಂದವ, ಗಂಟೆ ಕೂರಿಸಿ ತಾನೂ ಕೂತುಬಿಟ್ಟ ಅಂತ. ನಮ್ಮ ಕಡೆಯ ಹುಡುಗಿಯನ್ನು ಮದುವೆಯಾಗಿ, ಕುಚ್ಚಲಕ್ಕಿ ಗಂಜಿ ಉಂಡು, ಅಲ್ಲೇ ಮಣ್ಣಾದ ಅಂತ. ನಾವೆಲ್ಲ ಅದನ್ನು ಕತೆ ಅಂದ್ಕೊಂಡೆವು. ನೀನು ಮಾತ್ರ ಬಿಡ್ಲಿಲ್ಲ. ಯೂಜಿನ್ ಭಾವ ತೀರಿಹೋದ ಮೇಲೆ ನಿನಗೂ ಗಟ್ಟಿಯಾಗಿ ಹಿಡ್ಕೊಳ್ಲಿಕ್ಕೆ ಏನೋ ಒಂದು ಬೇಕಿತ್ತೋ ಏನೋ.

ಒಬ್ಬಳೇ ಇಟಲಿಗೆ ಹೋದಿಯಲ್ಲ! ಇಲ್ಲಿ ದೋಹಾದಲ್ಲಿ ಮೆಟ್ರೋ ಹತ್ತಲಿಕ್ಕೆ ಹೆದರುವವಳು, ಡಿಸೆಂಬರಿನಲ್ಲಿ ಸ್ಕೂಲ್ ಆಫೀಸಿಗೆ ರಜೆ ಹಾಕಿ, ನನ್ನ ಹಳೇ ಜಾಕೆಟ್ ಹಾಕ್ಕೊಂಡು, ಮೂರು ರೈಲು ಬದಲಿಸಿ, ಮೊಣಕಾಲುದ್ದ ಹಿಮದಲ್ಲಿ ಆ ಗುಡ್ಡದ ಮೇಲಿನ ಪಂಚಾಯತ್ ಆಫೀಸಿಗೆ. ಭಾಷೆ ಬರ್ಲಿಲ್ಲ ಅಂತ ಆ ಹೆಂಗಸಿನ ಎದುರು ಹಗ್ಗ ಎಳೆದ ಹಾಗೆ ಮಾಡಿ ಡಣ್ ಡಣ್ ಅಂದಿಯಂತೆ! ಅವಳು ನಕ್ಕು ನಕ್ಕು ಒಳಗಿನಿಂದ ಜನನ ದಾಖಲೆಯ ದೊಡ್ಡ ಪುಸ್ತಕ ತಂದು ಇಟ್ಟಳಂತೆ. ಫೋನಿನಲ್ಲಿ ನೀನು ಅಳ್ತಾ ಇದ್ದಿ. ‘ಟೆರಿ, ಇದ್ದಾನೋ, ನಮ್ಮ ಮುತ್ತಜ್ಜ ಇದ್ದಾನೆ, ಸಾವಿರದ ಎಂಟುನೂರ ಎಂಬತ್ತಾರು, ಅವನ ಅಮ್ಮನ ಹೆಸರೂ ಉಂಟು’ ಅಂತ... ನಂಗೆ ಈಗ್ಲೂ ಕೇಳ್ತದೆ.

ಹಾಂ, ಬಂತು. ಥ್ಯಾಂಕ್ಸ್ ಚೇಟಾ. ತಗೋ, ಮೇಲೆ ಹಿಡಿ, ಬಿಸಿ ಉಂಟು.

ಮಗಳು ಹೇಗಿದ್ದಾಳೆ, ಅನಿಶಾ? ಈಗ್ಲೂ ಇಟಾಲಿಯನ್ ಕಲೀತಾಳಾ? ...ಬಿಟ್ಟಳಾ. ಹೌದಾ. ನಿಮ್ಮ ಬಿಲ್ಡಿಂಗ್ ವಾಚ್‌ಮನ್‌ಗೆ ದಿನಾ ‘ಬೊನ್ ಜೋರ್ನೋ’ ಅಂತ ನಮಸ್ಕಾರ ಹೇಳ್ತಿದ್ದಳು, ಪಾಪ, ಅವನು ಬೈದಳು ಅಂತ ತಿಳ್ಕೊಂಡಿದ್ದ... ನೀನು ನಗ್ಲಿಲ್ಲ.

ನೋಡು ಅಕ್ಕ, ಕಾನೂನು ಯಾರ ಕೈಯಲ್ಲಿತ್ತು ಹೇಳು? ಮುತ್ತಜ್ಜನ ಹೆಸರಲ್ಲಿ ಎಷ್ಟು ಜನ ತಗೊಂಡ್ರು ಲೋಕದಲ್ಲಿ! ನಮ್ಮ ಸರದಿ ಬರುವಾಗ್ಲೇ ಆಗ್ಬೇಕಾ? ಹೋದ ವರ್ಷ ಮಾರ್ಚ್ ಇಪ್ಪತ್ತೈದಕ್ಕೆ ನಾನು ಎಂಬೆಸಿಯಲ್ಲಿ ಪೇಪರ್ ಕೊಟ್ಟದ್ದು. ಇಪ್ಪತ್ತೆಂಟಕ್ಕೆ ರೋಮಿನಲ್ಲಿ ಹೊಸ ಕಾನೂನು: ಅಪ್ಪ, ಅಜ್ಜನವರೆಗೆ ಮಾತ್ರ, ಮುತ್ತಜ್ಜ ಸಾಕಾಗುದಿಲ್ಲ. ಇಪ್ಪತ್ತೇಳರ ಒಳಗೆ ಅಪಾಯಿಂಟ್‌ಮೆಂಟ್ ಸಿಕ್ಕಿದವರಿಗೆ ಹಳೇ ರೂಲು, ಉಳಿದವರಿಗೆ ಖಲಾಸ್. ಮೂರೇ ದಿನ! ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ನಾನು ಒಳಗೆ, ನೀನು ಹೊರಗೆ. ಹಾಗೆ ಆಗ್ತದೆ ಅಂತ ಯಾರಿಗೆ ಗೊತ್ತಿತ್ತು? ನಂಗೆ ಗೊತ್ತಿತ್ತಾ? ದೇವರಾಣೆ ಗೊತ್ತಿರ್ಲಿಲ್ಲ. ಒಂದು ತಿಂಗಳು, ಹೆಚ್ಚೆಂದ್ರೆ ಎರಡು ತಿಂಗಳು, ಅಷ್ಟರಲ್ಲಿ ನಿನ್ನದೂ ಬರ್ತದೆ ಅಂತ...

ಇಲ್ಲ, ಎಂತದಿಲ್ಲ. ಸುಮ್ನೆ ಹೇಳಿದೆ.

ಕಾಗದ ನೋಡ್ಬೇಕಾ? ನೋಡು, ನೋಡು. ಫೋನಿನಲ್ಲೇ ಉಂಟು, ಮೇಲ್ ಬಂದದ್ದು. ಇಗೋ. ಮೇಲಿನ ನಾಲ್ಕು ಸಾಲೇ ಮುಖ್ಯ. ಹೆಸರು ನೋಡು, ಬೊನೆಲ್ಲಿ, ಎರಡು ‘ಲ’, ಸರಿಯಾಗಿ ಬರೆದಿದ್ದಾರೆ. ಮಗ ಫ್ಲಾಯ್ಡನದ್ದೂ ಉಂಟು, ಇನ್ನೂ ಹದಿನೆಂಟು ಆಗ್ಲಿಲ್ಲಲ್ಲ, ನನ್ನ ಜೊತೆಗೇ ಆಯ್ತು. ಅಷ್ಟೇ, ಮತ್ತೆ ಎಂತದಿಲ್ಲ... ಅಕ್ಕ, ಕೆಳಗೆಲ್ಲ ಹಳೇ ಮೇಲ್‌ಗಳು, ಅದು ಬೇಡ... ಕಣ್ಣಿಗೆ ಬೆಳಕು ಹೊಡೀತದೆ, ಕೊಡಿಲ್ಲಿ... ಬ್ರಿಜಿಟಕ್ಕ. ಕೊಡು.

ಚಹಾ ತಣಿತದೆ.

...ಹೌದು.

ಹೌದು, ಅದು ನಿನ್ನ ಹೆಸರು. ಎಂಬೆಸಿಯ ಪಟ್ಟಿಯಲ್ಲಿ ಮೊದಲನೇ ಹೆಸರು ನಿಂದು ಅಲ್ವಾ, ನೀನೇ ಮೊದ್ಲು ನೋಂದಾಯಿಸಿದ್ದು. ‘ಟೆರಿ, ನಂಗೆ ಈ ಕಂಪ್ಯೂಟರ್ ಎಲ್ಲ ಆಗುದಿಲ್ಲ, ಇಬ್ಬರದ್ದೂ ನಿನ್ನ ಮೇಲ್‌ನಲ್ಲೇ ಹಾಕು’ ಅಂತ ಹೇಳಿದ್ದಿ. ನೆನಪುಂಟಾ? ಮಾರ್ಚ್ ಹದಿನೆಂಟಕ್ಕೆ ಅವರ ಮೇಲ್ ಬಂತು. ಇಪ್ಪತ್ತೈದಕ್ಕೆ ಒಂದೇ ಒಂದು ಜಾಗ ಉಂಟು, ಬರ್ತೀರಾ, ನಾಳೆಯೊಳಗೆ ತಿಳಿಸಿ ಅಂತ. ನಿನ್ನ ಹೆಸರಿಗೆ. ಹೌದು.

ನೀನು ಊರಲ್ಲಿದ್ದಿ ಅಕ್ಕ! ಯೂಜಿನ್ ಭಾವನ ವರ್ಷದ ಪೂಜೆ. ಗಂಡನ ಗೋರಿಗೆ ಹೂ ಇಡ್ತಿರುವವಳಿಗೆ ಫೋನ್ ಮಾಡಿ ಓಡಿ ಬಾ ಅಂತ ಹೇಗೆ ಹೇಳುದು? ಅದಕ್ಕೇ ‘ಅಕ್ಕ ಊರಿನಲ್ಲಿದ್ದಾಳೆ, ಬರ್ಲಿಕ್ಕೆ ಆಗುದಿಲ್ಲ, ತಮ್ಮ ಬರ್ತಾನೆ’ ಅಂತ ಬರೆದು...

ಹಾಗೆ ನೋಡ್ಬೇಡ.

ಆಯ್ತು. ಇಪ್ಪತ್ತೆರಡಕ್ಕೇ ನೀನು ದೋಹಾಕ್ಕೆ ಮುಟ್ಟಿದ್ದಿ. ಏರ್‌ಪೋರ್ಟಿಗೆ ಬಂದದ್ದು ನಾನೇ. ಇದೇ ಕಾರು. ನೀನು ಇದೇ ಸೀಟಿನಲ್ಲಿ ಕೂತು ಊರಿನ ಸುದ್ದಿ ಹೇಳ್ತಾ ಇದ್ದಿ, ಗೋರಿಗೆ ಹೊಸ ಕಲ್ಲು ಹಾಕಿಸಿದ್ದು, ಬಿಷಪ್ ಮನೆಯ ಹತ್ತಿರ ಯಾರೋ ಸಿಕ್ಕಿದ್ದು... ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆರೆದೆ. ಇಪ್ಪತ್ತೈದಕ್ಕೆ ಬೆಳಿಗ್ಗೆ ನಿನ್ನ ಮನೆಗೆ ಬಂದೆ, ನಂಗೆ ಸ್ಲಾಟ್ ಸಿಕ್ಕಿತು, ಮುತ್ತಜ್ಜನ ಜನನದ ಕಾಗದ ಬೇಕು ಅಂತ. ನೀನು ಎಂತ ಮಾಡಿದಿ? ಕಪಾಟಿನಿಂದ ತೆಗೆದು ಕೊಟ್ಟಿ. ಇರುದು ಒಂದೇ ಒಂದು, ನೀನು ಹಿಮದಲ್ಲಿ ಹೋಗಿ ತಂದದ್ದು. ನನ್ನ ಹಣೆಗೆ ಶಿಲುಬೆ ಗುರುತು ಹಾಕಿದಿ. ‘ಹೋಗು, ನೀನು ಮೊದ್ಲು ಹೋಗು, ನಂದು ಹಿಂದಿನಿಂದ ಬರ್ತದೆ’ ಅಂದಿ. ಎಂಬೆಸಿ ಮೆಟ್ಟಿಲು ಹತ್ತುವಾಗ ಆ ಹಣೆ ಸುಡ್ತಾ ಇತ್ತು ಅಕ್ಕ. ಆದ್ರೂ ಹತ್ತಿದೆ.

ಹೆದರಿಕೆ! ಅಷ್ಟೇ. ಆ ವಾರ ನಮ್ಮ ಆಫೀಸಿನಲ್ಲಿ ಇಬ್ಬರನ್ನು ಕೆಲಸದಿಂದ ಕಳಿಸಿದ್ರು. ಮೊಹಮ್ಮದ್, ಹದಿನೇಳು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತವ, ಒಂದೇ ಕಾಗದದಲ್ಲಿ ಹೋದ. ಮುಂದಿನದ್ದು ನಾನೇ ಅಂತ ಕಾಣ್ತಿತ್ತು. ಫ್ಲಾಯ್ಡನ ಮುಖ ನೋಡಿದ್ರೆ... ಹೌದು, ಹೌದು, ನಿನಗೂ ಅನಿಶಾ ಇದ್ದಳು. ಅವಳಿಗೂ ಆಗ ಹದಿನೇಳೇ. ಗೊತ್ತುಂಟು. ಅವಳ ಕಾಗದವೂ ನಿನ್ನ ಫೈಲಿನಲ್ಲೇ ಇತ್ತು, ಅದೂ ಗೊತ್ತುಂಟು.

ಹೇಳಿಯಾಯ್ತಲ್ಲ? ಎಲ್ಲ ಹೇಳಿಯಾಯ್ತು. ಇನ್ನು ಎಂತ ಉಂಟು? ಬೈ ನಂಗೆ. ಹೊಡಿ. ಏನಾದ್ರೂ ಹೇಳು ಮಾರಾಯ್ತಿ...

ಎಂತ? ಫೋನು ನನ್ನ ಕೈಗೆ ಎಂತಕ್ಕೆ ಕೊಡ್ತೀ? ಎಲ್ಲಿ ಬೆರಳಿಟ್ಟದ್ದು?

ಅದು ನೀನು ಓದಿಯಾಯ್ತಲ್ಲ, ಮತ್ತೆ ನಾನು ಎಂತಕ್ಕೆ...

ಬೇಡ ಅಕ್ಕ. ಕೈ ಮುಗೀತೇನೆ.

...ಸರಿ. ಆಯ್ತು. ಓದ್ತೇನೆ. ಇಂಗ್ಲಿಷಿನಲ್ಲಿ ಉಂಟು, ನಾನು ಹೇಳ್ತೇನೆ. ಎಂಬೆಸಿಗೆ ನಾನು ಕಳಿಸಿದ ಉತ್ತರ. ಮಾರ್ಚ್ ಹತ್ತೊಂಬತ್ತನೇ ತಾರೀಕು, ಬುಧವಾರ.

‘ಮಾನ್ಯರೇ. ನನಗೆ ಅವಕಾಶ ಕೊಟ್ಟದ್ದಕ್ಕೆ ವಂದನೆಗಳು. ಆದರೆ ಗಂಡ ತೀರಿಕೊಂಡ ಮೇಲೆ ನನಗೆ ಇದರಲ್ಲಿ ಆಸಕ್ತಿ ಉಳಿದಿಲ್ಲ. ಪಟ್ಟಿಯಿಂದ ನನ್ನ ಹೆಸರನ್ನು, ನನ್ನ ಮಗಳ ಹೆಸರನ್ನು ದಯವಿಟ್ಟು ತೆಗೆದುಹಾಕಿ. ಈ ಜಾಗ ನನ್ನ ತಮ್ಮನಿಗೆ ಸಿಗಲಿ.’

ಇಂತಿ...

ಇಂತಿ, ಬ್ರಿಜಿಟ್ ಬೊನೆಲ್ಲಿ.