ಮದುಮಗನ ಮಾರಿ

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಫೋಟೋಗ್ರಾಫರ್ ಜಹೀರ ತನ್ನ ಪುಟ್ಟ, ಅಗ್ಗದ ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ಗೆಳೆಯ ಜಯಂತನೊಡನೆ ಕುಳಿತಿದ್ದ. ಪಕ್ಕದಲ್ಲಿ ಬಸ್ ಕಾಯುತ್ತಿದ್ದ ಅನಸೂಯಾಬಾಯಿ ರಸ್ತೆ ನೋಡುತ್ತ ಕಿವಿಯನ್ನು ಮಾತ್ರ ಇತ್ತ ಇಟ್ಟಿದ್ದರು.

“ಸೂಡಿ ಊರಿನ ಮದಿವಿ ಕೆಲಸ ಹ್ಯಾಂಗ ತಪ್ಪಿತೋ?” ಜಯಂತ ಕೇಳಿದ.

“ಈ ಲ್ಯಾಪ್‌ಟಾಪಿನಾಗ ಫೋಟೋ ಮ್ಯಾಲಿಂದ ಕೆಳಗ ಸಾವಕಾಶ ಬರ್ತೈತಿ. ಮದುಮಗನ ರುಮಾಲ ಬಂತು, ಸೆಹರಾದ ಹೂವು ಬಂತು. ‘ತಡೀರಿ, ಮಾರಿ ಈಗ ಬರ್ತೈತಿ’ ಅಂತ ಎಲ್ಲಾರನೂ ಕುಂಡ್ರಿಸಿದೆ.”

“ಬಂತೇನು?”

“ಎಲ್ಲಿಂದ ಬರ್ತೈತಿ? ಸೆಹರಾದ ಹೂವಿನ ಮುಸುಕಿನಾಗ ಮಾರಿ ಮುಚ್ಚಿತ್ತು. ಫೋಟೋ ತಗದಾಂವ ನಾನ. ಸೂಡಿಯವರು ಎದ್ದು ಹೋದ್ರು.”

“ಲ್ಯಾಪ್‌ಟಾಪ್ ಹಗುರರ ಐತೆಲ್ಲ.”

“ಸವಡಿ ಮದಿವಿಯವರೂ ಇವತ್ತ ಒಲ್ಲೆ ಅಂದ್ರ ನನ್ನ ಸ್ಟುಡಿಯೋನೂ ಹಗುರ ಆಗ್ತೈತಿ.”

ಜಹೀರ ಪಕ್ಕದಲ್ಲಿದ್ದ ದಪ್ಪ ಆಲ್ಬಮ್ ತಟ್ಟಿದ. “ಅದಕ್ಕ ಹಳೇ ಆಲ್ಬಮ್ ತಂದೇನಿ. ಅವರು ಅದನ್ನ ನೋಡಿ ಮುಗಸೂದ್ರಾಗ ಇದು ಚಾಲೂ ಆಗ್ತೈತಿ.”

ಬಸ್ ಬಂತು. ಜಹೀರ ಭಾರದ ಆಲ್ಬಮನ್ನು ಎದೆಗವಚಿಕೊಂಡು ಹತ್ತಿದ. ಲ್ಯಾಪ್‌ಟಾಪ್ ಜಯಂತನ ಬುತ್ತಿಚೀಲದಲ್ಲಿ, ರೊಟ್ಟಿಯ ಮೇಲೆ ಆರಾಮಾಗಿ ಮಲಗಿ ಸವಡಿಗೆ ಹೊರಟಿತು.